ಜಪಾನಿನಲ್ಲಿ ವಿದೇಶಿ ಗೇಮ್ ಕನ್ಸೋಲ್ ಗೆಲ್ಲಬಲ್ಲದೇ?

ನೀವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ. ಜಪಾನಿನ ಮಾರುಕಟ್ಟೆಯಲ್ಲಿ ಹೊರದೇಶದ ಗೇಮ್ ಕನ್ಸೋಲ್ ಎಂದಾದರೂ ಗೆಲ್ಲಬಹುದೇ ಎಂಬುದು ಒಂದು. ಮೈಕ್ರೋಸಾಫ್ಟ್‌ನ ಕನ್ಸೋಲಾದ ಎಕ್ಸ್‌ಬಾಕ್ಸ್ ಅಲ್ಲಿ ಸೋತದ್ದಕ್ಕೆ ಜಪಾನಿಯರ ಸ್ವದೇಶಾಭಿಮಾನವೇ ಕಾರಣವೇ ಎಂಬುದು ಇನ್ನೊಂದು. ಎರಡನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಬಗೆಹರಿಯದೆ ಮೊದಲನೆಯದಕ್ಕೆ ನೇರವಾದ ಉತ್ತರ ಸಿಗುವುದಿಲ್ಲ. ಕೆಲಸದ ನಿಮಿತ್ತ ನಾನು ಆರು ವರ್ಷ ಯೊಕೊಹಾಮಾದಲ್ಲಿದ್ದೆ, ಬಾಲ್ಯದಿಂದಲೂ ಗೇಮುಗಳ ಗೀಳು ಹಚ್ಚಿಕೊಂಡವನು. ಆದ್ದರಿಂದ ಈ ವಿಷಯವನ್ನು ಅಂಕಿಅಂಶಗಳಲ್ಲಿ ಮಾತ್ರವಲ್ಲದೆ ಅಂಗಡಿಯ ಕಪಾಟುಗಳಲ್ಲಿಯೂ ಸಹೋದ್ಯೋಗಿಗಳ ಮನೆಗಳಲ್ಲಿಯೂ ಹತ್ತಿರದಿಂದ ನೋಡಿದ್ದೇನೆ.

ಸ್ವದೇಶಾಭಿಮಾನದ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. 2008ರ ಜುಲೈನಲ್ಲಿ ಐಫೋನ್ ಜಪಾನಿಗೆ ಕಾಲಿಟ್ಟಾಗ ಅಲ್ಲಿ ಟಿವಿ ನೋಡುವ, ಹಣ ಪಾವತಿಸುವ, ಬಹಳ ಮುಂದುವರಿದ ದೇಶೀ ಮೊಬೈಲ್‌ಗಳಿದ್ದವು. ಆದರೂ ಕೆಲವೇ ವರ್ಷಗಳಲ್ಲಿ ಆ ದೇಶ ಐಫೋನಿನ ಅತ್ಯಂತ ಗಟ್ಟಿಯಾದ ನೆಲೆಗಳಲ್ಲಿ ಒಂದಾಯಿತು. ಯೊಕೊಹಾಮಾದ ಲೋಕಲ್ ರೈಲಿನಲ್ಲಿ ನನ್ನ ಎದುರಿನ ಸಾಲಿನಲ್ಲಿ ಕುಳಿತವರ ಕೈಯಲ್ಲಿ ಹೆಚ್ಚಾಗಿ ಕಾಣುತ್ತಿದ್ದುದು ಅದೇ. ಇನ್ನೊಂದು ಕಡೆ, ಜಪಾನಿನದೇ ಕಂಪನಿಯಾದ ಸೆಗಾ 1988ರಲ್ಲಿ ತಂದ ಮೆಗಾ ಡ್ರೈವ್ ಕನ್ಸೋಲ್ ಅಮೆರಿಕದಲ್ಲಿ ಮನೆಮಾತಾದರೂ ತನ್ನ ತವರಿನಲ್ಲಿ ಸುಮಾರು 36 ಲಕ್ಷಕ್ಕೆ ನಿಂತಿತು. ಜಪಾನಿನ ಇನ್ನೊಂದು ಕಂಪನಿ ನಿಂಟೆಂಡೊದ ವೀ ಯೂ ಕನ್ಸೋಲ್ ಕೂಡ ಅಲ್ಲಿ 33 ಲಕ್ಷದ ಆಸುಪಾಸನ್ನು ದಾಟಲಿಲ್ಲ. ತನ್ನವರದ್ದನ್ನೇ ಕೈಬಿಡಬಲ್ಲ, ಹೊರಗಿನವರದ್ದನ್ನು ಮನೆ ತುಂಬಿಸಿಕೊಳ್ಳಬಲ್ಲ ಗ್ರಾಹಕ ಅವನು.

ಇದಕ್ಕಿಂತ ಬಲವಾದ ಸಾಕ್ಷಿ ಮೈನ್‌ಕ್ರಾಫ್ಟ್. ಸ್ವೀಡನ್ನಿನಲ್ಲಿ ಹುಟ್ಟಿ 2014ರಲ್ಲಿ ಮೈಕ್ರೋಸಾಫ್ಟ್‌ನ ಪಾಲಾದ ಈ ಆಟದ, ನಿಂಟೆಂಡೊದ ಸ್ವಿಚ್ ಕನ್ಸೋಲಿಗಾಗಿ ಬಂದ ಆವೃತ್ತಿ ಜಪಾನಿನಲ್ಲಿ ಪೆಟ್ಟಿಗೆಯ ರೂಪದಲ್ಲೇ 30 ಲಕ್ಷಕ್ಕೂ ಹೆಚ್ಚು ಮಾರಾಟವಾಗಿದ್ದು, ವರ್ಷಗಟ್ಟಲೆ ವಾರದ ಮಾರಾಟ ಪಟ್ಟಿಯಿಂದ ಕೆಳಗಿಳಿಯಲಿಲ್ಲ. ಅಂದರೆ ಜಪಾನಿನ ಮಕ್ಕಳು ಮೈಕ್ರೋಸಾಫ್ಟ್‌ನ ಆಟವನ್ನು ಮನಸಾರೆ ಆಡುತ್ತಾರೆ. ಆದರೆ ನಿಂಟೆಂಡೊದ ಯಂತ್ರದಲ್ಲಿ ಆಡುತ್ತಾರೆ. ಈ ಒಂದು ಸಂಗತಿಯಲ್ಲಿ ನಿಮ್ಮ ಪ್ರಶ್ನೆಯ ತಿರುಳೆಲ್ಲ ಅಡಗಿದೆ ಎಂದು ನನಗೆ ಅನ್ನಿಸುತ್ತದೆ. ಆಟ ವಿದೇಶಿಯಾದರೆ ಅಡ್ಡಿಯಿಲ್ಲ. ಯಂತ್ರವನ್ನು ಕೊಳ್ಳುವಾಗ ಮಾತ್ರ ಮಗು ತನ್ನ ತರಗತಿಯ ಗೆಳೆಯರ ಬಳಿ ಯಾವುದಿದೆ ಎಂದು ನೋಡುತ್ತದೆ, ತಂದೆತಾಯಿ ಅದು ಮುಂದಿನ ಐದಾರು ವರ್ಷ ಉಪಯೋಗಕ್ಕೆ ಬರುತ್ತದೆಯೇ ಎಂದು ನೋಡುತ್ತಾರೆ.

ಈ ಗೆಳೆಯರ ಬಳಗವನ್ನು ಮೊದಲು ಕಟ್ಟಿದ್ದು 1983ರ ಜುಲೈ 15ರಂದು 14,800 ಯೆನ್ ಬೆಲೆಗೆ ಬಂದ ನಿಂಟೆಂಡೊದ ಫ್ಯಾಮಿಕಾಮ್ ಕನ್ಸೋಲ್. ಅಮೆರಿಕದ ಅಟಾರಿ ಕೂಡ ಅದೇ ವರ್ಷ ತನ್ನ ಯಂತ್ರವನ್ನು 2800 ಎಂಬ ಹೆಸರಿನಲ್ಲಿ ಜಪಾನಿಗೆ ತಂದಿತ್ತು, ಆದರೆ ಅದು ಮೂಲತಃ 1977ರ ಯಂತ್ರ, ಬೆಲೆಯೂ ಹೆಚ್ಚು.

ಇನ್ನು ಎಕ್ಸ್‌ಬಾಕ್ಸ್. 2002ರ ಫೆಬ್ರವರಿ 22ರಂದು ಟೋಕಿಯೋದ ಶಿಬುಯಾದಲ್ಲಿ ಸ್ವತಃ ಬಿಲ್ ಗೇಟ್ಸ್ ನಿಂತು ಮೊದಲ ಪೆಟ್ಟಿಗೆಯನ್ನು ಗ್ರಾಹಕನ ಕೈಗಿತ್ತರು. ಬೆಲೆ 34,800 ಯೆನ್. ಯಂತ್ರದ ತೂಕ ನಾಲ್ಕು ಕಿಲೋ ಸಮೀಪ. ಅಮೆರಿಕದಲ್ಲಿ ಕೊಟ್ಟಿದ್ದ ಕಂಟ್ರೋಲರ್ ಜಪಾನಿಯರ ಕೈಗೆ ಬಹಳ ದೊಡ್ಡದಾಗುತ್ತದೆಂದು ಚಿಕ್ಕದೊಂದನ್ನು ಹೊಸದಾಗಿ ರೂಪಿಸಬೇಕಾಯಿತು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಯಂತ್ರವು ಡಿಸ್ಕುಗಳ ಮೇಲೆ ಗೀರು ಎಳೆಯುತ್ತದೆ ಎಂಬ ದೂರುಗಳು ಬಂದವು. ವಸ್ತುವಿನ ಅಂಚಿನ ಒಂದು ಸಣ್ಣ ಗೆರೆಯನ್ನೂ ಗಮನಿಸುವ, ಹಳೆಯ ಆಟದ ಡಿಸ್ಕನ್ನು ಹೊಸದರಂತೆ ಕಾಪಾಡಿ ಮರುಮಾರಾಟದ ಅಂಗಡಿಗೆ ಕೊಡುವ ಪದ್ಧತಿಯಿರುವ ಊರಿನಲ್ಲಿ ಇದು ಸಣ್ಣ ದೂರಲ್ಲ. ಪ್ರಪಂಚದಾದ್ಯಂತ ಸುಮಾರು 2.4 ಕೋಟಿ ಮಾರಾಟವಾದ ಆ ಯಂತ್ರ ಜಪಾನಿನಲ್ಲಿ ಐದು ಲಕ್ಷದ ಆಸುಪಾಸಿನಲ್ಲೇ ಉಳಿಯಿತು.

ಆದರೆ ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಿಜವಾಗಿ ಕಲಿಯಬೇಕಾದದ್ದು ಎರಡನೆಯ ಪ್ರಯತ್ನದಿಂದ, ಅಂದರೆ 2005ರ ಡಿಸೆಂಬರ್ 10ರಂದು ಅಲ್ಲಿ ಬಿಡುಗಡೆಯಾದ ಎಕ್ಸ್‌ಬಾಕ್ಸ್ 360ರಿಂದ. ಈ ಬಾರಿ ಮೈಕ್ರೋಸಾಫ್ಟ್ ಮನಸ್ಸಿಟ್ಟು ಕೆಲಸ ಮಾಡಿತು. ಫೈನಲ್ ಫ್ಯಾಂಟಸಿ ಆಟಗಳ ಸರಣಿಯ ಜನಕ ಹಿರೊನೊಬು ಸಕಾಗುಚಿಯವರನ್ನು ಕರೆತಂದು, ಹೆಸರಾಂತ ಕಾಮಿಕ್ಸ್ ಚಿತ್ರಕಾರ ಅಕಿರಾ ತೊರಿಯಾಮಾ ಅವರಿಂದ ಪಾತ್ರಗಳ ಚಿತ್ರ ಬರೆಸಿ, ನೊಬುಓ ಉಎಮಾತ್ಸು ಅವರ ಸಂಗೀತದೊಡನೆ 2006ರ ಡಿಸೆಂಬರಿನಲ್ಲಿ ಬ್ಲೂ ಡ್ರ್ಯಾಗನ್ ಎಂಬ ಆಟ ತಂದಿತು. ಮರುವರ್ಷ ಲಾಸ್ಟ್ ಒಡಿಸಿ ಬಂತು. ಆರ್ಕೇಡುಗಳಲ್ಲಿ, ಅಂದರೆ ನಾಣ್ಯ ಹಾಕಿ ಆಡುವ ಕೇಂದ್ರಗಳಲ್ಲಿ, ಹೆಸರಾಗಿದ್ದ ಐಡಲ್‌ಮಾಸ್ಟರ್ ಆಟ ಮನೆಗೆ ಬಂದದ್ದು 360ರಲ್ಲಿ. ಗುಂಡಿನ ಮಳೆಯ ನಡುವೆ ವಿಮಾನ ನಡೆಸುವ ಶೂಟಿಂಗ್ ಆಟಗಳ ಪ್ರೇಮಿಗಳಿಗಂತೂ ಅದೇ ತವರಾಯಿತು. 2008ರ ಆಗಸ್ಟಿನಲ್ಲಿ ಟೇಲ್ಸ್ ಆಫ್ ವೆಸ್ಪೀರಿಯಾ ಎಂಬ ಆಟ ಬಿಡುಗಡೆಯಾದಾಗ ಅಂಗಡಿಗಳಲ್ಲಿ 360 ಯಂತ್ರಗಳೇ ಮುಗಿದುಹೋದವು. ಜಪಾನಿಯರು ಅಮೆರಿಕದ ಕನ್ಸೋಲಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆದರು ಎಂಬುದನ್ನು ಸ್ವದೇಶಾಭಿಮಾನದ ವಾದ ಮಾಡುವವರು ಒಮ್ಮೆ ನೆನೆಯಬೇಕು.

ಹಾಗಾದರೆ ಅದು ಏಕೆ ನಿಲ್ಲಲಿಲ್ಲ? ಒಂದು ವರ್ಷ ಕಳೆದ ಮೇಲೆ, 2009ರ ಸೆಪ್ಟೆಂಬರಿನಲ್ಲಿ, ಅದೇ ವೆಸ್ಪೀರಿಯಾ ಹೊಸ ಪಾತ್ರ, ಹೊಸ ದೃಶ್ಯ, ಹೆಚ್ಚಿನ ಧ್ವನಿಯೊಂದಿಗೆ ಸೋನಿಯ ಕನ್ಸೋಲಾದ ಪ್ಲೇಸ್ಟೇಷನ್ 3ಕ್ಕೆ ಬಂತು. ಅದಕ್ಕೆ ಮೊದಲು ಟ್ರಸ್ಟಿ ಬೆಲ್ ಎಂಬ ಆಟಕ್ಕೂ ಹಾಗೆಯೇ ಆಗಿತ್ತು. ಅನಂತರ ಸ್ಟಾರ್ ಓಷನ್ ಸರಣಿಯ ನಾಲ್ಕನೆಯ ಆಟವೂ ಹಾಗೆಯೇ ಆಯಿತು. ಈ ಆಟಗಳಿಗಾಗಿಯೇ 360 ಕೊಂಡಿದ್ದ ನನ್ನ ಸಹೋದ್ಯೋಗಿಯೊಬ್ಬರು ವರ್ಷಗಳ ನಂತರವೂ ಇದನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದರು. ಮೊದಲು ನಂಬಿ ಬಂದವರಿಗೆ ಅರ್ಧ ಊಟ, ಕಾದು ಕುಳಿತವರಿಗೆ ಪೂರ್ತಿ ಊಟ ಸಿಕ್ಕಿತು ಎಂಬುದು ಅವರ ನೋವು. ಇದರಲ್ಲಿ ಆಟ ತಯಾರಿಸಿದವರನ್ನು ಮಾತ್ರ ದೂರುವುದು ನ್ಯಾಯವಲ್ಲ, ಯಂತ್ರಗಳ ಸಂಖ್ಯೆ ಕಡಿಮೆಯಿದ್ದಾಗ ಅವರಿಗೂ ಬೇರೆ ದಾರಿಯಿರಲಿಲ್ಲ. ಆದರೆ ಪರಿಣಾಮ ಒಂದೇ. ಇದರ ಜೊತೆಗೆ ಯಂತ್ರವೇ ಕೆಡುವ ತೊಂದರೆ ವ್ಯಾಪಕವಾಗಿ, 2007ರಲ್ಲಿ ಮೈಕ್ರೋಸಾಫ್ಟ್ ಖಾತರಿಯನ್ನು ಮೂರು ವರ್ಷಕ್ಕೆ ಏರಿಸಿ 100 ಕೋಟಿ ಡಾಲರಿಗೂ ಮಿಕ್ಕ ಹಣವನ್ನು ಅದಕ್ಕಾಗಿ ಎತ್ತಿಡಬೇಕಾಯಿತು. ಕೊನೆಗೆ 360 ಜಪಾನಿನಲ್ಲಿ ತಲುಪಿದ್ದು ಸುಮಾರು 16 ಲಕ್ಷ. ಪ್ಲೇಸ್ಟೇಷನ್ 3 ಒಂದು ಕೋಟಿಯ ಹತ್ತಿರ.

ನನ್ನ ಲೆಕ್ಕದಲ್ಲಿ ಆ 16 ಲಕ್ಷ ಸೋಲಲ್ಲ, ಬೀಜ. ಐದು ಲಕ್ಷದಿಂದ 16 ಲಕ್ಷಕ್ಕೆ ಬಂದವರು ಮೂರನೆಯ ಸುತ್ತಿನಲ್ಲಿ ಅದನ್ನು ಬೆಳೆಸಬೇಕಿತ್ತು. ಆದರೆ ಎಕ್ಸ್‌ಬಾಕ್ಸ್ ಒನ್ ಅಮೆರಿಕದಲ್ಲಿ 2013ರ ನವೆಂಬರಿನಲ್ಲಿ ಬಂದರೆ ಜಪಾನಿಗೆ ಬಂದದ್ದು 2014ರ ಸೆಪ್ಟೆಂಬರ್ 4ರಂದು. ಹತ್ತು ತಿಂಗಳ ತಡ! ಆ ಹೊತ್ತಿಗೆ ಪ್ಲೇಸ್ಟೇಷನ್ 4 ಅಲ್ಲಿ ಅರ್ಧ ವರ್ಷ ಕಳೆದಿತ್ತು. ಮೊದಲ ವಾರದ ಮಾರಾಟ ಸುಮಾರು 23,000. ಅದರ ಇಡೀ ಆಯುಷ್ಯದ ಮಾರಾಟ ಒಂದು ಲಕ್ಷವನ್ನು ಸ್ವಲ್ಪ ದಾಟಿ ನಿಂತಿತು. ಸರದಿಯಲ್ಲಿ ಕೊನೆಗೆ ನಿಲ್ಲಿಸಲ್ಪಟ್ಟ ಗ್ರಾಹಕನು ಅದನ್ನು ಕೂಡಲೇ ಅರಿತುಕೊಳ್ಳುತ್ತಾನೆ. ಒಂದು ದಶಕದ ದುಡಿಮೆಯನ್ನು ಈ ಹತ್ತು ತಿಂಗಳು ಅಳಿಸಿಹಾಕಿತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಭಿರುಚಿಯ ಪ್ರಶ್ನೆಯೂ ಇದೆ, ಆದರೆ ಅದನ್ನು ಅಗತ್ಯಕ್ಕಿಂತ ಹಿಗ್ಗಿಸಲಾಗುತ್ತದೆ. ಪಾತ್ರದ ಕಣ್ಣಿನಿಂದಲೇ ಲೋಕವನ್ನು ನೋಡುತ್ತ ಗುಂಡು ಹಾರಿಸುವ ಆಟಗಳಿಂದ ಬರುವ ತಲೆಸುತ್ತಿಗೆ ಜಪಾನಿ ಭಾಷೆಯಲ್ಲಿ ‘ಸುರೀ-ಡೀ ಯೊಯಿ’ ಎಂಬ ಪ್ರತ್ಯೇಕ ಮಾತೇ ಇದೆ. ಎಕ್ಸ್‌ಬಾಕ್ಸಿನ ಹೆಗ್ಗುರುತಾದ ಹೇಲೋ ಆ ಬಗೆಯ ಆಟ. ಆದರೆ ಮುಂದೆ ಅದೇ ಬಗೆಯ, ಅಮೆರಿಕದಲ್ಲೇ ತಯಾರಾದ ಏಪೆಕ್ಸ್ ಲೆಜೆಂಡ್ಸ್ ಜಪಾನಿನ ಯುವಕರಲ್ಲಿ ಹುಚ್ಚಿನಂತೆ ಹಬ್ಬಿತು. ಅಭಿರುಚಿ ಬದಲಾಗುತ್ತದೆ. ಬದಲಾಗದೆ ಉಳಿದದ್ದು ಬದುಕಿನ ರೀತಿ: ಚಿಕ್ಕ ಮನೆ, ಒಂದೇ ಟಿವಿ, ದೀರ್ಘವಾದ ರೈಲು ಪ್ರಯಾಣ. ಸೋನಿಯ ಕೈಯಲ್ಲಿ ಹಿಡಿಯುವ ಯಂತ್ರವಾದ ಪಿಎಸ್‌ಪಿಗಾಗಿ ಮಾನ್‌ಸ್ಟರ್ ಹಂಟರ್ ಪೋರ್ಟಬಲ್ 3ರ್ಡ್ ಆಟ 2010ರಲ್ಲಿ ಬಂದು 45 ಲಕ್ಷಕ್ಕೂ ಹೆಚ್ಚು ಮಾರಾಟವಾದದ್ದು, ನಾಲ್ವರು ಗೆಳೆಯರು ಒಂದೇ ಮೇಜಿನ ಸುತ್ತ ತಮ್ಮ ತಮ್ಮ ಯಂತ್ರ ಹಿಡಿದು ಒಟ್ಟಿಗೆ ಬೇಟೆಯಾಡಬಹುದಿತ್ತು ಎಂಬ ಕಾರಣಕ್ಕೆ. ಸ್ವಿಚ್ ಗೆದ್ದದ್ದೂ ಇದೇ ನೆಲದ ಮೇಲೆ. ಟಿವಿಯ ಕೆಳಗಿನ ಪೆಟ್ಟಿಗೆಯಾಗಿ ಬರುವ ಯಾವುದೇ ಯಂತ್ರ, ಸೋನಿಯದ್ದೂ ಸೇರಿ, ಇಂದು ಅಲ್ಲಿ ಕಿರಿದಾಗುತ್ತಿರುವ ಜಾಗಕ್ಕಾಗಿ ಹೋರಾಡುತ್ತಿದೆ.

2020ರ ನವೆಂಬರ್ 10ರಂದು ಮೈಕ್ರೋಸಾಫ್ಟ್ ತನ್ನ ಹೊಸ ಯಂತ್ರಗಳನ್ನು ಉಳಿದ ದೇಶಗಳೊಂದಿಗೆ ಅದೇ ದಿನ ಜಪಾನಿನಲ್ಲೂ ಬಿಡುಗಡೆ ಮಾಡಿದಾಗ, ಅದರಲ್ಲೂ ಪುಸ್ತಕದ ಕಪಾಟಿನಲ್ಲಿ ಹಿಡಿಯುವಷ್ಟು ಚಿಕ್ಕದಾದ ಸೀರೀಸ್ ಎಸ್ ಯಂತ್ರವನ್ನು 29,980 ಯೆನ್ನಿಗೆ ಕೊಟ್ಟಾಗ, ನಾನು ನಿಜಕ್ಕೂ ಆಸೆಯಿಂದ ನೋಡಿದೆ. ಎಕ್ಸ್‌ಬಾಕ್ಸ್ ಒನ್‌ನ ಒಟ್ಟು ಮಾರಾಟವನ್ನು ಈ ಹೊಸ ಯಂತ್ರಗಳು ಬೇಗನೆ ಹಿಂದಿಕ್ಕಿದವು. ಜಪಾನಿನ ಜನಪ್ರಿಯ ಆಟಗಳಾದ ಡ್ರ್ಯಾಗನ್ ಕ್ವೆಸ್ಟ್ ಸರಣಿಯ ಪ್ರಧಾನ ಆಟವೊಂದು ಎಕ್ಸ್‌ಬಾಕ್ಸಿಗೆ ಮೊದಲ ಬಾರಿಗೆ ಬಂದದ್ದು ಆ ಡಿಸೆಂಬರಿನಲ್ಲಿ. ಆಮೇಲೆ ಯೆನ್ ಕುಸಿಯಿತು, ಬೆಲೆ ಹಲವು ಬಾರಿ ಏರಿತು, ಆ ಆವೇಗ ಕರಗಿಹೋಯಿತು. ಅದೇ ಯೆನ್ ಕುಸಿತಕ್ಕೆ ನಿಂಟೆಂಡೊ ಹೇಗೆ ಉತ್ತರಿಸಿತು ನೋಡಿ: 2025ರ ಜೂನಿನಲ್ಲಿ ಸ್ವಿಚ್ 2 ಬಂದಾಗ, ಜಪಾನಿ ಭಾಷೆ ಮಾತ್ರ ಇರುವ ಯಂತ್ರಕ್ಕೆ 49,980 ಯೆನ್, ಎಲ್ಲ ಭಾಷೆಗಳದ್ದಕ್ಕೆ 69,980 ಯೆನ್ ಇಟ್ಟು ತನ್ನ ಮನೆಯ ಗ್ರಾಹಕನನ್ನು ಕಾಪಾಡಿಕೊಂಡಿತು. ಆ ವರ್ಷದ ನವೆಂಬರಿನಲ್ಲಿ ಸೋನಿಯೂ ಜಪಾನಿ ಭಾಷೆಯ ಪ್ಲೇಸ್ಟೇಷನ್ 5 ಅನ್ನು 55,000 ಯೆನ್ನಿಗೆ ತಂದಿತು.

ಈಗ ನಿಮ್ಮ ಮೊದಲ ಪ್ರಶ್ನೆ. ಗೆಲುವೆಂದರೆ ನಿಂಟೆಂಡೊವನ್ನು ಹಿಂದಿಕ್ಕುವುದು ಎಂದಾದರೆ, ನನ್ನ ಉತ್ತರ ಇಲ್ಲ. ಗೆಲುವೆಂದರೆ ಜಪಾನಿನ ಆಟ ತಯಾರಕರು ಕಡೆಗಣಿಸಲಾಗದಷ್ಟು, ಅಂದರೆ 30-40 ಲಕ್ಷ ಮನೆಗಳಲ್ಲಿ ನೆಲೆಸುವುದು ಎಂದಾದರೆ, ಸಾಧ್ಯವಿದೆ. ಆದರೆ ಅದು ಬಹುಶಃ ಟಿವಿಗೆ ಜೋಡಿಸುವ ಪೆಟ್ಟಿಗೆಯಾಗಿ ಬರಲಾರದು. ಅಮೆರಿಕದ ವಾಲ್ವ್ ಕಂಪನಿಯ ಸ್ಟೀಮ್, ಅಂದರೆ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ, ಈಗಾಗಲೇ ಜಪಾನಿ ಯುವಕರ ಕಂಪ್ಯೂಟರುಗಳನ್ನು ಸೇರಿದೆ, ಜಪಾನಿನ ದೊಡ್ಡ ಪ್ರಕಾಶಕರು ತಮ್ಮ ಆಟಗಳನ್ನು ಬಿಡುಗಡೆಯ ದಿನವೇ ಅಲ್ಲಿಗೆ ತರುತ್ತಿದ್ದಾರೆ, ಮತ್ತು ಆ ಆಟಗಳನ್ನು ಆಡಿಸುವ, ಕೈಯಲ್ಲಿ ಹಿಡಿಯುವ ಯಂತ್ರ ಸ್ಟೀಮ್ ಡೆಕ್ 2022ರ ಡಿಸೆಂಬರಿನಿಂದ ಅಲ್ಲಿ ಅಧಿಕೃತವಾಗಿ ದೊರೆಯುತ್ತಿದೆ. ನಾನು ಊರಿಗೆ ಮರಳುವ ಮೊದಲು ಟೋಕಿಯೋದ ಅಕಿಹಾಬಾರಾದ ದೊಡ್ಡ ಅಂಗಡಿಯೊಂದರಲ್ಲಿ ಎಕ್ಸ್‌ಬಾಕ್ಸಿನ ಕಪಾಟು ಒಂದು ಮೂಲೆಯ ಎರಡು ಸಾಲಿಗೆ ಇಳಿದಿತ್ತು. ಮೇಲಿನ ಮಹಡಿಯಲ್ಲಿ ಕೈಯಲ್ಲಿ ಹಿಡಿಯುವ ವಿದೇಶಿ ಯಂತ್ರಗಳನ್ನು ಮೇಜಿನ ಮೇಲೆ ಬಿಚ್ಚಿ ಇಟ್ಟಿದ್ದರು; ಶಾಲೆಯ ಸಮವಸ್ತ್ರದಲ್ಲಿದ್ದ ಇಬ್ಬರು ಹುಡುಗರು ಅವುಗಳಲ್ಲೊಂದನ್ನು ಸರದಿಯ ಮೇಲೆ ಹಿಡಿದು ಆಡುತ್ತಿದ್ದರು, ಅದು ಯಾವ ದೇಶದ್ದೆಂದು ಇಬ್ಬರೂ ಕೇಳಲಿಲ್ಲ.