ಇಂಜೆಕ್ಷನ್ ನನಗೊಬ್ಬಳಿಗೇ ಸಾಲದೆ?

ಪ್ರಶ್ನೆ: ಜಮಖಂಡಿ ತಾಲ್ಲೂಕಿನ ಹಳ್ಳಿಯವಳು, 23 ವರ್ಷ. ಮದುವೆಯಾಗಿ ಎರಡು ವರ್ಷ, ಈಗ ಐದನೇ ತಿಂಗಳು. ರಕ್ತ ತಪಾಸಣೆಯಲ್ಲಿ ವಿಡಿಆರ್‌ಎಲ್ 1:16, ಟಿಪಿಎಚ್‌ಎ ಪಾಸಿಟಿವ್ ಬಂದಿದೆ. ಎಚ್‌ಐವಿ ಇಲ್ಲ. ನನಗೆ ಮೈಯಲ್ಲಿ ಯಾವ ತ್ರಾಸೂ ಇಲ್ಲ. ಪತಿ ಕಬ್ಬಿನ ಲಾರಿ ಓಡಿಸುತ್ತಾರೆ, ಸೀಸನ್ ಮುಗಿಯುವವರೆಗೆ ಕೊಲ್ಹಾಪುರದ ಕಡೆಗೇ ಇರುತ್ತಾರೆ. ಅವರನ್ನೂ ಕರೆತರಲು ನರ್ಸ್ ಹೇಳಿದ್ದಾರೆ. ಬಾಯಿ ಬಿಟ್ಟರೆ ತಪ್ಪು ನನ್ನ ತಲೆಗೇ ಬರುತ್ತದೆ, ಅತ್ತೆ ತವರಿಗೆ ಕಳಿಸುತ್ತಾರೆ. ಯಾರಿಗೂ ಹೇಳದೆ ನಾನೊಬ್ಬಳೇ ಇಂಜೆಕ್ಷನ್ ತೆಗೆದುಕೊಂಡರೆ ಸಾಲದೆ?

ಉತ್ತರ: ತಂಗಿ, ಸಾಲದು. ಆದರೆ ನಿಮ್ಮ ಮೊದಲ ಇಂಜೆಕ್ಷನ್ನಿಗೆ ಯಾರ ಒಪ್ಪಿಗೆಯೂ ಬೇಕಿಲ್ಲ. ಈ ವಾರವೇ ಹೋಗಿ ತೆಗೆದುಕೊಳ್ಳಿ. ಗಂಡನಿಗೆ ಹೇಗೆ ಹೇಳುವುದೆಂಬ ಚಿಂತೆ ಅದಾದ ಮೇಲಿರಲಿ.

ನಿಮಗಿರುವುದು ಸಿಫಿಲಿಸ್, ಲೈಂಗಿಕ ಸಂಪರ್ಕದಿಂದ ಹರಡುವ ರೋಗ. ವಿಡಿಆರ್‌ಎಲ್, ಟಿಪಿಎಚ್‌ಎ ಎರಡೂ ಅದನ್ನು ಪತ್ತೆಹಚ್ಚುವ ರಕ್ತಪರೀಕ್ಷೆಗಳು. ವಿಡಿಆರ್‌ಎಲ್ ಅಂಕಿಯಲ್ಲಿ ಎರಡನೇ ಸಂಖ್ಯೆ ದೊಡ್ಡದಾದಷ್ಟೂ ರಕ್ತದಲ್ಲಿ ರೋಗದ ಗುರುತು ಹೆಚ್ಚು. ಬಸಿರಿನಲ್ಲಿ ವಿಡಿಆರ್‌ಎಲ್ ಕೆಲವೊಮ್ಮೆ ಸುಮ್ಮನೆ ಪಾಸಿಟಿವ್ ಬರುವುದುಂಟು, ಆದರೆ ಆಗ ಅಂಕಿ ಸಾಮಾನ್ಯವಾಗಿ 1:8ಕ್ಕಿಂತ ಕಡಿಮೆ, ಟಿಪಿಎಚ್‌ಎ ಕೂಡ ನೆಗೆಟಿವ್. ನಿಮ್ಮದು ಹಾಗಲ್ಲ. ತ್ರಾಸು ಇಲ್ಲದಿರುವುದೇ ಈ ರೋಗದ ಮೋಸ. ಸೋಂಕು ತಗುಲಿ ಸುಮಾರು ಮೂರು ವಾರಕ್ಕೆ ಒಂದು ಹುಣ್ಣು ಏಳುತ್ತದೆ. ನೋವಿರುವುದಿಲ್ಲ, ಹೆಂಗಸರಲ್ಲಿ ಒಳಗಿದ್ದರೆ ಕಾಣುವುದೂ ಇಲ್ಲ. ಮೂರರಿಂದ ಆರು ವಾರದಲ್ಲಿ ತಾನೇ ಮಾಯುತ್ತದೆ. ಮುಂದೆ ಅಂಗೈ, ಅಂಗಾಲಿನಲ್ಲಿ ತುರಿಕೆಯಿಲ್ಲದ ಗುಳ್ಳೆ ಕಾಣಿಸಿಕೊಂಡು ಅದೂ ಹೋಗಬಹುದು. ಆಮೇಲೆ ವರ್ಷಗಟ್ಟಲೆ ರಕ್ತದಲ್ಲಿ ಮಾತ್ರ ಉಳಿಯುತ್ತದೆ. ಹಾಗಾಗಿ ಯಾರು ಯಾರಿಗೆ ಹತ್ತಿಸಿದರು, ಮದುವೆಗೆ ಮೊದಲೋ ಆಮೇಲೋ ಎಂಬುದನ್ನು ಈ ರಿಪೋರ್ಟ್ ಹೇಳುವುದಿಲ್ಲ. ಅದನ್ನು ಹಿಡಿದು ನಿಮ್ಮನ್ನು ಪಂಚಾಯ್ತಿಗೆ ಎಳೆಯುವ ಹಕ್ಕು ಅತ್ತೆಗಿಲ್ಲ. ಗಂಡನನ್ನು ಎಳೆಯುವ ಹಕ್ಕು ನಿಮಗೂ ಇಲ್ಲ. ಒಂದೇ ತಾಟಿನಲ್ಲಿ ಉಂಡರೆ, ಒಂದೇ ಬಚ್ಚಲು ಬಳಸಿದರೆ ಹರಡುವ ರೋಗವೂ ಇದಲ್ಲ.

ಬಿಟ್ಟರೆ ಪೆಟ್ಟು ಕೂಸಿಗೆ: ಗರ್ಭಪಾತ, ಹೊಟ್ಟೆಯಲ್ಲೇ ಸಾವು, ಹುಟ್ಟಿದರೂ ಎಲುಬು, ಕಿವಿ, ಕಣ್ಣಿನ ತೊಂದರೆ. ಆದಷ್ಟು ಬೇಗ, ತಡವೆಂದರೂ ಹೆರಿಗೆಗೆ 30 ದಿನ ಮೊದಲು ಚಿಕಿತ್ಸೆ ಶುರುವಾಗಬೇಕು. ಐದನೇ ತಿಂಗಳಲ್ಲೇ ಸಿಕ್ಕಿರುವುದರಿಂದ ಕೂಸನ್ನು ಉಳಿಸಿಕೊಳ್ಳಲು ಒಳ್ಳೆಯ ಅವಕಾಶವಿದೆ.

ಔಷಧಿ ಬೆಂಜಥೀನ್ ಪೆನ್ಸಿಲಿನ್, 24 ಲಕ್ಷ ಯೂನಿಟ್. ಸಾಮಾನ್ಯವಾಗಿ 12 ಲಕ್ಷದಂತೆ ಎರಡೂ ಕುಂಡಿಗೆ ಕೊಡುತ್ತಾರೆ. ಸೋಂಕು ಯಾವಾಗಿನದೆಂದು ಗೊತ್ತಿಲ್ಲವಾದ್ದರಿಂದ ನಿಮಗೆ ವಾರಕ್ಕೊಂದರಂತೆ ಮೂರು ಸಲ ಬೇಕು. ಬಸುರಿಯರಲ್ಲಿ ಎರಡು ಡೋಸಿನ ನಡುವೆ 9 ದಿನ ದಾಟಿದರೆ ಮತ್ತೆ ಮೊದಲಿನಿಂದ ಶುರು. ಜಾತ್ರೆ, ಮದುವೆ ಅಂತ ವಾರ ತಪ್ಪಿಸಬೇಡಿ. ಬಾಟಲಿಯ ಮೇಲೆ ‘ಬೆಂಜಥೀನ್’ ಎಂದೇ ಇದೆಯೇ ಎಂದು ಕೇಳಿ ನೋಡಿ. ಬೇರೆ ಪೆನ್ಸಿಲಿನ್‌ಗಳು ಕೆಲವೇ ತಾಸಿಗೋ ಒಂದೆರಡು ದಿನಕ್ಕೋ ಮೈಯಿಂದ ಹೋಗುತ್ತವೆ, ಇದು ವಾರಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಈ ರೋಗಾಣು ನಿಧಾನಕ್ಕೆ ಬೆಳೆಯುವಂಥದ್ದು, ಅದಕ್ಕೇ ಅಷ್ಟು ದಿನ ಔಷಧಿ ಮೈಯಲ್ಲಿರಬೇಕು. ಹಾಲಿನಂತೆ ಗಟ್ಟಿ ಇರುವುದರಿಂದ ದಪ್ಪ ಸೂಜಿಯೇ ಬೇಕು, ನೋಯುತ್ತದೆ. ಸ್ನಾಯುವಿಗೆ ಮಾತ್ರ, ನರಕ್ಕೆ ಎಂದೂ ಅಲ್ಲ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಪೆನ್ಸಿಲಿನ್ ರಿಯಾಕ್ಷನ್ನಿಗೆ ಹೆದರಿ ಕೆಲವರು ಅಜಿತ್ರೋಮೈಸಿನ್ ಗುಳಿಗೆ ಬರೆದು ಕಳಿಸುತ್ತಾರೆ. ಅದರಿಂದ ಕೂಸಿಗೆ ರಕ್ಷಣೆ ಸಿಗುತ್ತದೆಂದು ನೆಚ್ಚುವಂತಿಲ್ಲ. ಡಾಕ್ಸಿಸೈಕ್ಲಿನ್ ಬಸುರಿಯರಿಗೆ ಆಗದು. ಮೊದಲು ಪೆನ್ಸಿಲಿನ್‌ನಿಂದ ದದ್ದು, ಉಸಿರುಗಟ್ಟುವುದು ಆಗಿದ್ದರೆ ಮುಂಚೆಯೇ ತಿಳಿಸಿ. ಆಗಲೂ ಔಷಧಿ ಬದಲಿಸುವುದಿಲ್ಲ, ದೊಡ್ಡ ಆಸ್ಪತ್ರೆಯಲ್ಲಿ ದಾಖಲು ಮಾಡಿಕೊಂಡು ಹನಿಹನಿಯಾಗಿ ಪೆನ್ಸಿಲಿನ್ನನ್ನೇ ಮೈಗೆ ಒಗ್ಗಿಸುತ್ತಾರೆ. ಇಂಜೆಕ್ಷನ್ ಆದ ಮೇಲೆ ಅರ್ಧ ತಾಸು ಅಲ್ಲೇ ಕುಳಿತಿರಿ.

ಅಂದು ರಾತ್ರಿ ಚಳಿಜ್ವರ, ಮೈಕೈ ನೋವು ಬರಬಹುದು. ರೋಗಾಣು ಸಾಯುವಾಗ ಆಗುವುದದು, ಅಲರ್ಜಿಯಲ್ಲ. ಒಂದು ದಿನದಲ್ಲಿ ಇಳಿಯುತ್ತದೆ, ಪ್ಯಾರಾಸಿಟಮಾಲ್ ಸಾಕು. ಹೊಟ್ಟೆ ಬಿಗಿಹಿಡಿದು ಬಿಟ್ಟು ನೋಯತೊಡಗಿದರೆ ಅಥವಾ ಕೂಸಿನ ಮಿಸುಕಾಟ ಕಡಿಮೆಯಾದರೆ ಮಾತ್ರ ಕೂಡಲೇ ಆಸ್ಪತ್ರೆಗೆ ಹೋಗಿ. ಮುಂದಿನ ಡೋಸ್ ಬಿಡಬೇಡಿ.

ಇನ್ನು ಗಂಡನ ವಿಷಯ. ನಿಮ್ಮ ಮೂರೂ ಇಂಜೆಕ್ಷನ್ ಮುಗಿದು ಅವರು ಚಿಕಿತ್ಸೆಯಿಲ್ಲದೆ ಊರಿಗೆ ಬಂದರೆ, ಏಳನೇ ತಿಂಗಳಲ್ಲಿ ನಿಮಗೆ ಮತ್ತೆ ಸೋಂಕು ತಗುಲಬಹುದು. ಒಮ್ಮೆ ಬಂದುಹೋದರೆ ಮತ್ತೆ ಬಾರದ ರೋಗ ಇದಲ್ಲ. ಫೋನಿನಲ್ಲಿ ‘ಎಲ್ಲಿ ಹೋಗಿದ್ರಿ’ ಎಂದು ಶುರು ಮಾಡಬೇಡಿ. ಇಷ್ಟು ಹೇಳಿದರೆ ಸಾಕು: “ರಕ್ತದಾಗ ಒಂದ ಸೋಂಕ ಕಂಡೈತ್ರಿ. ಹೊಟ್ಟ್ಯಾನ ಕೂಸಿಗೆ ಹತ್ತಬಾರದಂದ್ರ ಇಬ್ಬರೂ ಸೂಜಿ ಮಾಡಿಸ್ಕೋಬೇಕಂತ. ನಾ ಚಾಲೂ ಮಾಡೇನಿ. ನೀವೂ ಅಲ್ಲೇ ದವಾಖಾನಿಗೆ ಹೋಗಿ ತೋರಿಸ್ರಿ.” ನಿಮ್ಮ ರಿಪೋರ್ಟಿನ ಫೋಟೊ ಕಳಿಸಿ. ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳಲ್ಲಿ ಈ ರೋಗಗಳಿಗೆಂದೇ ‘ಸುರಕ್ಷಾ ಕ್ಲಿನಿಕ್’ ನಡೆಯುತ್ತದೆ. ಮಹಾರಾಷ್ಟ್ರದಲ್ಲೂ ಇದೆ, ಚಿಕಿತ್ಸೆ ಉಚಿತ. ಅವರಿಗೆ ಒಂದು ಡೋಸೋ ಮೂರೋ ಎಂಬುದನ್ನು ಅಲ್ಲಿಯ ವೈದ್ಯರು ನೋಡಿ ಹೇಳುತ್ತಾರೆ. ಕಳೆದ 90 ದಿನದಲ್ಲಿ ನೀವಿಬ್ಬರೂ ಕೂಡಿದ್ದರೆ, ಅವರ ರಕ್ತ ನೆಗೆಟಿವ್ ಬಂದರೂ ಒಂದು ಡೋಸ್ ಬೇಕೇ ಬೇಕು. ಹೊಸ ಸೋಂಕು ಮೊದಲ ವಾರಗಳಲ್ಲಿ ಪರೀಕ್ಷೆಗೆ ಸಿಗುವುದಿಲ್ಲ. ಎಚ್‌ಐವಿ ಪರೀಕ್ಷೆಯೂ ಆಗಲಿ. ಇಬ್ಬರದೂ ಮುಗಿದು ಏಳು ದಿನ ದಾಟುವವರೆಗೆ ಸೇರಬೇಡಿ. ಈ ರೋಗಕ್ಕೆ ನಿರೋಧ್ ಪೂರ್ತಿ ಕಾವಲಲ್ಲ: ಅದು ಮುಚ್ಚದ ಜಾಗದಲ್ಲಿ ಹುಣ್ಣಿದ್ದರೆ ಅಲ್ಲಿಂದಲೇ ಹತ್ತುತ್ತದೆ.

ನೀವೇ ಹೇಳಲು ಬಾಯಿ ಬಾರದಿದ್ದರೆ ಕ್ಲಿನಿಕ್ಕಿನ ಆಪ್ತ ಸಮಾಲೋಚಕರಿಂದ ಫೋನ್ ಮಾಡಿಸಿ. ಅತ್ತೆಗೆ ‘ಬಸುರಿಯ ಇಂಜೆಕ್ಷನ್’ ಎಂದರೆ ಸುಳ್ಳೇನಲ್ಲ. ಆಶಾ ಕಾರ್ಯಕರ್ತೆ ಓಣಿಯವರೇ ಆಗಿದ್ದು ಸಂಕೋಚವಾದರೆ ನೇರವಾಗಿ ಬಾಗಲಕೋಟೆ ಅಥವಾ ವಿಜಯಪುರ ಜಿಲ್ಲಾ ಆಸ್ಪತ್ರೆಗೆ ಹೋಗಿ. ತಾಯಿ ಕಾರ್ಡ್ ಮತ್ತು ಅಂಕಿ ಬರೆದ ರಿಪೋರ್ಟ್ ಎರಡೂ ಕೈಯಲ್ಲಿರಲಿ. ಮನೆಯಲ್ಲಿ ಹೊಡೆತ ಬಡಿತದ ಭಯವಿದ್ದರೆ ಹೇಳುವ ಮೊದಲೇ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಎಂಟನೇ ತಿಂಗಳ ಹೊತ್ತಿಗೆ ಮತ್ತು ಹೆರಿಗೆಯ ಸಮಯದಲ್ಲಿ ವಿಡಿಆರ್‌ಎಲ್ ಮತ್ತೆ ಮಾಡಿಸಿ. 1:16 ಇದ್ದದ್ದು 1:4ಕ್ಕೆ ಇಳಿದರೆ ಔಷಧಿ ಹಿಡಿದಿದೆ ಎಂದರ್ಥ. ಇಳಿಯಲು ತಿಂಗಳುಗಳೇ ಬೇಕಾಗಬಹುದು, ಅಷ್ಟರಲ್ಲಿ ಹೆರಿಗೆಯಾದರೂ ಗಾಬರಿ ಬೇಡ. 1:64ಕ್ಕೆ ಏರಿದರೆ ಸೋಂಕು ಮರಳಿದೆ ಎಂದೇ ಹಿಡಿಯಬೇಕು. ಟಿಪಿಎಚ್‌ಎ ಮಾತ್ರ ಬಹುತೇಕ ಜೀವನಪೂರ್ತಿ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಆದ್ದರಿಂದ ಮೂರು ಇಂಜೆಕ್ಷನ್ ಆದ ತಾರೀಖುಗಳ ಚೀಟಿ ಜೋಪಾನವಾಗಿಡಿ, ಮುಂದಿನ ಬಸಿರಿನಲ್ಲೂ ಬೇಕಾಗುತ್ತದೆ. ಕೂಸು ಹುಟ್ಟಿದ ಕೂಡಲೇ ಅದರ ರಕ್ತವನ್ನೂ ನಿಮ್ಮ ರಕ್ತವನ್ನೂ ಒಟ್ಟಿಗೆ ಪರೀಕ್ಷಿಸಿ ಅಂಕಿ ಹೋಲಿಸುತ್ತಾರೆ. ಹೆರಿಗೆಗೆ ತವರಿಗೆ ಹೋಗುವುದಾದರೆ ಆ ಚೀಟಿಯನ್ನು ಅಲ್ಲಿಯ ಡಾಕ್ಟರಿಗೆ ತೋರಿಸಿ.