ಬಣ್ಣಗೆಟ್ಟ ಹಳೆಯ ಚಾಕುವಿನ ಮರದ ಹಿಡಿಯನ್ನು ಸರಿಮಾಡುವುದು ಹೇಗೆ?

ತಾಯಿಯವರು ಬಹುಕಾಲ ಬಳಸಿದ ತರಕಾರಿ ಚಾಕುವಿನ ಮರದ ಹಿಡಿ ಬೂದುಬಣ್ಣಕ್ಕೆ ತಿರುಗಿ ಒರಟಾಗಿದೆ, ಅದಕ್ಕೆ ವಾರ್ನಿಶ್ ಹೊಡೆಯಬೇಕೇ ಅಥವಾ ಗಾಢ ಬಣ್ಣದ ಪಾಲಿಶ್ ಬಳಿಯಬೇಕೇ ಎಂದು ಪುಣೆಯಿಂದ ಕೇಳಿದ್ದೀರಿ. ಎರಡೂ ಬೇಡ ಎಂಬುದು ನನ್ನ ಸಲಹೆ. ಮುಂಬಯಿಯ ಉಡುಪಿ ಹೋಟೆಲೊಂದರ ಅಡುಗೆಮನೆಯ ಉಸ್ತುವಾರಿಯಲ್ಲಿ ಇಪ್ಪತ್ತೆರಡು ವರ್ಷ ಕಳೆದವನು ನಾನು. ದಿನಕ್ಕೆ ಹತ್ತಾರು ಬಾರಿ ಸೋಪಿನ ನೀರಿಗೆ ಬೀಳುತ್ತಿದ್ದ ಚಾಕುಗಳನ್ನು ಮಧ್ಯಾಹ್ನದ ಬಿಡುವಿನಲ್ಲಿ ಸರಿಮಾಡುತ್ತ ಬಂದ ಅನುಭವದಿಂದ ಹೇಳುವುದಾದರೆ, ನಿಮ್ಮ ಹಿಡಿಯ ಬಣ್ಣ ಬಹುಮಟ್ಟಿಗೆ ಒಳಗೇ ಇದೆ; ಹೋಗಿರುವುದು ಎಣ್ಣೆಯ ಪಸೆ.

ಬೆರಳ ತುದಿಯನ್ನು ನೀರಿನಲ್ಲಿ ಅದ್ದಿ ಹಿಡಿಯ ಮೇಲೆ ಒಂದು ಕಡೆ ಉಜ್ಜಿ ನೋಡಿ. ಒದ್ದೆಯಾದ ಆ ಚಿಕ್ಕ ಜಾಗದಲ್ಲಿ ಕಂದು ಅಥವಾ ಕೆಂಗಂದು ಬಣ್ಣ ಮೂಡಿ ಮರದ ಗೆರೆಗಳು ಸ್ಪಷ್ಟವಾದರೆ, ಎಣ್ಣೆ ಕುಡಿಸಿದ ಮೇಲೆ ಇಡೀ ಹಿಡಿ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಒದ್ದೆಯಾದರೂ ಬೂದಿಯ ಬಣ್ಣವೇ ಉಳಿದರೆ ಮೇಲಿನ ಪದರವನ್ನು ತುಸು ಉಜ್ಜಿ ತೆಗೆಯಬೇಕಾಗುತ್ತದೆ. ಮರದ ನಾರುಗಳನ್ನು ಬೆಸೆದು ಹಿಡಿದಿರುವ ಲಿಗ್ನಿನ್ ಎಂಬ ವಸ್ತುವನ್ನು ಬಿಸಿಲು ಒಡೆಯುತ್ತದೆ, ಒಡೆದದ್ದನ್ನು ನೀರು ತೊಳೆದುಕೊಂಡು ಹೋಗುತ್ತದೆ, ಉಳಿಯುವುದು ಬಿಳಿಚಿದ ನಾರು. ಪಾತ್ರೆಯ ಬುಟ್ಟಿಯನ್ನು ಕಿಟಕಿಯ ಗ್ರಿಲ್ಲಿನಲ್ಲೇ ಇಡುವ ನಮ್ಮ ಫ್ಲಾಟುಗಳಲ್ಲಿ ಚಾಕುವಿಗೆ ಇವೆರಡೂ ಧಾರಾಳವಾಗಿ ಸಿಗುತ್ತವೆ. ಆದರೂ ಈ ಹಾನಿ ಬಹಳ ಆಳಕ್ಕೆ ಇಳಿಯುವುದಿಲ್ಲ. ಹಿಡಿಯನ್ನು ಅಲಗಿಗೆ ಬಿಗಿದಿರುವ ಹಿತ್ತಾಳೆಯ ಮೊಳೆಯ, ಅಂದರೆ ರಿವೆಟ್ಟಿನ ಸುತ್ತ ಮತ್ತು ಕಬ್ಬಿಣ ತಾಗಿದಲ್ಲಿ ಕಪ್ಪು ಕಲೆಗಳಿದ್ದರೆ ಹೆದರಬೇಡಿ. ಅಣಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿ ಬಟ್ಟೆಗೆ ಹಾಕುವ ಕಪ್ಪು ಬಣ್ಣ ಹುಟ್ಟುವಂತೆಯೇ, ಮರದ ಒಗರಿಗೆ ಕಬ್ಬಿಣ ಕೂಡಿ ಆದ ಕಲೆ ಅದು. ಆಕ್ಸಾಲಿಕ್ ಆಮ್ಲದಿಂದ ಅದು ಹೋಗುತ್ತದೆ, ಆದರೆ ಆ ಆಮ್ಲ ವಿಷ. ಅಡುಗೆಯ ಚಾಕುವಿಗೆ ನಾನು ಅದನ್ನು ಮುಟ್ಟಿಸುವುದಿಲ್ಲ.

ಬಣ್ಣಕ್ಕಿಂತ ಮೊದಲು ರಿವೆಟ್ಟುಗಳನ್ನು ನೋಡಿ. ಹಿಡಿಯ ಎರಡು ಹೋಳುಗಳನ್ನು ಹೆಬ್ಬೆರಳಿನಿಂದ ಅಲುಗಾಡಿಸಿದಾಗ ಸಂದಿಯಿಂದ ನೀರು ಜಿನುಗಿದರೆ ಒಳಗೆ ತುಕ್ಕು ಬೆಳೆಯುತ್ತಿದೆ ಎಂದೇ ಅರ್ಥ, ಅಂಥ ಹಿಡಿಗೆ ಎಷ್ಟು ಎಣ್ಣೆ ಹಚ್ಚಿದರೂ ವ್ಯರ್ಥ. ಪೂರ್ತಿ ಒಣಗಿಸಿ, ರಿವೆಟ್ಟಿನ ಒಂದು ತಲೆಯನ್ನು ಗಟ್ಟಿ ಕಬ್ಬಿಣದ ಮೇಲಿಟ್ಟು, ಇನ್ನೊಂದು ತಲೆಗೆ ಗುಂಡುತಲೆಯ ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಹಿತ್ತಾಳೆ ಹರಡಿಕೊಂಡು ಬಿಗಿಯಾಗುತ್ತದೆ. ಜೋರಾಗಿ ಬಡಿದರೆ ಮರ ಸೀಳುತ್ತದೆ. ಉಳಿದ ಸಣ್ಣ ಸಂದಿಗೆ ಅರಾಲ್ಡೈಟ್ ಎಂಬ ಗಟ್ಟಿ ಅಂಟನ್ನು ತುಂಬಬಹುದು. ವಾರ್ನಿಶ್ ಬೇಡವೆಂದದ್ದೂ ಈ ಸಂದಿಗಳ ಕಾರಣಕ್ಕೇ: ನೀರು ರಿವೆಟ್ಟಿನ ಅಂಚಿನಿಂದ ಒಳನುಗ್ಗಿ ವಾರ್ನಿಶ್ಶಿನ ಪೊರೆಯ ಕೆಳಗೆ ಸಿಕ್ಕಿಕೊಳ್ಳುತ್ತದೆ, ಕ್ರಮೇಣ ಪೊರೆ ಚಕ್ಕೆಚಕ್ಕೆಯಾಗಿ ಎದ್ದು ಹೆಚ್ಚಿಟ್ಟ ಬೀನ್ಸಿನೊಳಗೆ ಬೀಳುತ್ತದೆ.

ಹಿಡಿಯನ್ನು ಉಗುರುಬೆಚ್ಚಗಿನ ನೀರು, ಸೋಪು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬೇಗನೆ ತೊಳೆದು, ನೆನೆಯಲು ಬಿಡದೆ ಒರೆಸಿ, ಎರಡು ದಿನ ನೆರಳಿನಲ್ಲಿ ಒಣಗಿಸಿ. ಅಲಗಿಗೆ ರಟ್ಟು ಸುತ್ತಿ ಟೇಪು ಹಾಕುವುದನ್ನು ಮರೆಯಬೇಡಿ. ಉಜ್ಜುವ ಕಾಗದವನ್ನು ನಾನು ಮುಂಬಯಿಯ ನಾಗದೇವಿ ಸ್ಟ್ರೀಟಿನಿಂದ ತರುತ್ತೇನೆ. ಪುಣೆಯಲ್ಲಿರುವ ನಿಮಗೆ ರವಿವಾರ ಪೇಠೆಯ ಬೋಹರಿ ಆಳಿ ಎಂಬ ಅಂಗಡಿಬೀದಿ ಹತ್ತಿರವಾಗುತ್ತದೆ. ಪಾಲಿಶ್ ಪೇಪರ್ ಎಂದು ಕೇಳಿ, ಹಿಂಬದಿಯ ಸಂಖ್ಯೆ ನೋಡಿ 180, 240 ಮತ್ತು 400ರ ಒಂದೊಂದು ಹಾಳೆ ಕೊಳ್ಳಿ; ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ, ಇದೇ ಕ್ರಮದಲ್ಲಿ ಬಳಸಿ. ಗೆರೆಗಳ ಉದ್ದಕ್ಕೇ ಉಜ್ಜಬೇಕು, ಅಡ್ಡ ಉಜ್ಜಿದರೆ ಎಣ್ಣೆ ಹಚ್ಚಿದ ಮೇಲೆ ಗೀರುಗಳು ಎದ್ದು ಕಾಣುತ್ತವೆ. 240 ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗಲು ಬಿಟ್ಟರೆ ಬಿದ್ದಿದ್ದ ನಾರುಗಳು ಸಣ್ಣ ರೋಮದಂತೆ ನಿಲ್ಲುತ್ತವೆ. ಅವನ್ನು 400ರ ಕಾಗದದಿಂದ ಸವರಿ ತೆಗೆದರೆ ಮುಂದೆ ತೊಳೆದಾಗ ಒರಟಾಗುವುದು ಬಹಳ ಕಡಿಮೆಯಾಗುತ್ತದೆ. ನಿಮ್ಮ ತಾಯಿಯವರ ಹೆಬ್ಬೆರಳು ಕೂತು ಸವೆದ ತಗ್ಗೊಂದು ಹಿಡಿಯ ಮೇಲಿದ್ದರೆ ಅದನ್ನು ಸಮ ಮಾಡಲು ಹೋಗಬೇಡಿ, ಚಾಕು ಕೈಗೆ ಹೊಂದುವುದು ಅಲ್ಲಿಯೇ.

ಎಣ್ಣೆಯ ವಿಷಯದಲ್ಲಿ ಹೆಚ್ಚಿನವರು ತಪ್ಪುತ್ತಾರೆ. ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ ಎಷ್ಟು ದಿನ ಬಿಟ್ಟರೂ ಒಣಗುವುದಿಲ್ಲ, ಕೊನೆಗೆ ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಹಾಗಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿ ಮರದೊಳಗೇ ಗಟ್ಟಿಯಾಗುತ್ತದೆ. ಬಣ್ಣದಂಗಡಿಯ ಡಬಲ್ ಬಾಯ್ಲ್ಡ್ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುತ್ತಾರೆ, ಆದ್ದರಿಂದ ನಿಮ್ಮೂರಿನ ಲಾಕಡಿ ಘಾಣಾದಲ್ಲಿ, ಅಂದರೆ ಮರದ ಗಾಣದಲ್ಲಿ, ಅಗಸೆ ಎಣ್ಣೆಗೆ ಮರಾಠಿಯಲ್ಲಿ ‘ಜವಸಾಚೇ ತೇಲ್’ ಎಂದು ಕೇಳಿ ತಿನ್ನುವ ಎಣ್ಣೆಯನ್ನೇ ತನ್ನಿ. ನಾಲ್ಕೈದು ಹನಿ ಸಾಕು. ಬಟ್ಟೆಯಿಂದ ತಿಕ್ಕಿ, ಅರ್ಧ ಗಂಟೆ ಬಿಟ್ಟು, ಮೇಲೆ ಉಳಿದದ್ದನ್ನೆಲ್ಲ ಒಣ ಬಟ್ಟೆಯಿಂದ ಒರೆಸಿಬಿಡಿ. ಕೈಗೆ ಅಂಟದಂತೆ ಒಣಗಲು ನಾಲ್ಕೈದು ದಿನ, ಕೆಲವೊಮ್ಮೆ ವಾರಕ್ಕಿಂತಲೂ ಹೆಚ್ಚು ಬೇಕು. ಹೀಗೆ ಮೂರು ಪದರ. ಒಮ್ಮೆ ಜುಲೈ ತಿಂಗಳ ಮಳೆಯಲ್ಲಿ, ಹೆಚ್ಚು ಹಚ್ಚಿದರೆ ಹೆಚ್ಚು ಹೊಳಪು ಬಂದೀತೆಂಬ ಆಸೆಯಿಂದ ನಾನು ಧಾರಾಳವಾಗಿ ಬಳಿದು ಒರೆಸದೆ ಬಿಟ್ಟಿದ್ದೆ. ಮೂರು ವಾರ ಕಳೆದರೂ ಹಿಡಿ ಹಲಸಿನ ಮೇಣದಂತೆ ಅಂಟುತ್ತಿತ್ತು, ಟರ್ಪೆಂಟೈನಿನಲ್ಲಿ ತೊಳೆದು ಮೊದಲಿನಿಂದ ಶುರುಮಾಡಬೇಕಾಯಿತು. ಮಳೆ ಮುಗಿಯುವವರೆಗೆ ಕಾಯಿರಿ.

ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮಡಿಕೆಗಳಲ್ಲಿ ಆ ಶಾಖ ಸೇರಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ ಅಥವಾ ನೀರಿನಲ್ಲಿ ನೆನೆಸಿ ಎಸೆಯಿರಿ.

ಹಿಡಿ ಪ್ಲಾಸ್ಟಿಕ್ಕಿನದಾಗಿದ್ದರೆ ಇದಾವುದೂ ನಾಟುವುದಿಲ್ಲ, ನಯವಾದ ಕಾಗದದಿಂದ ಉಜ್ಜಿ ಹೊಳಪು ತರಬಹುದಷ್ಟೆ. ಮರದ ಹಿಡಿಗೆ ಕೊನೆಯಲ್ಲಿ ಜೇನುಮೇಣ ಸವರಿದರೆ ಕೈಗೆ ಹಿತವಾಗಿರುತ್ತದೆ, ಸವರದಿದ್ದರೂ ನಡೆಯುತ್ತದೆ. ಮುಂದೆ ಚಾಕುವನ್ನು ಸಿಂಕಿನಲ್ಲಿ ನೆನೆಹಾಕದೆ ಕೂಡಲೇ ತೊಳೆದು ಒರೆಸಿಡಿ. ಹಿಡಿಯ ಮೇಲೆ ಬಿದ್ದ ನೀರಿನ ಹನಿ ಮಣಿಯಂತೆ ನಿಲ್ಲದೆ ಹರಡಿಕೊಂಡು ಇಂಗತೊಡಗಿದಾಗ ಇನ್ನೊಂದು ತೆಳು ಪದರ ಎಣ್ಣೆ ಹಚ್ಚಿ.