ಡಾಕ್ಟ್ರು ಹಾಡೋ ಗುಂಪಿಗೆ ಹೋಗಿ ಅಂದ್ರೆ ಹೋಗಿ

ಮ್ಯಾಂಚೆಸ್ಟರ್‌ಗೆ ಬಂದು ಇನ್ನೂ ವರ್ಷ ಆಗಿಲ್ಲ, ಕೈಯಲ್ಲಿ ಐದು ತಿಂಗಳ ಮಗು, ಯಜಮಾನ್ರು ಆಫೀಸಿಗೆ ಹೋದ್ರೆ ಸಂಜೆ ತನಕ ಮಾತಾಡೋಕೆ ಒಬ್ರಿಲ್ಲ, ಸುಮ್ಸುಮ್ನೆ ಅಳು ಬರುತ್ತೆ, ಜಿಪಿ, ಅಂದ್ರೆ ನಮ್ಮ ಏರಿಯಾ ಡಾಕ್ಟ್ರು, ನೋಡಿದ್ರೆ ಇಂಥ ಗುಂಪುಗಳಿಗೆ ಸೇರಿಸೋ ಲಿಂಕ್ ವರ್ಕರ್ ಫೋನ್ ಮಾಡ್ತಾರೆ, ತಾಯಂದಿರು ಸೇರಿ ಹಾಡೋ ಗುಂಪಿದೆ ಹೋಗಿ ಅಂತಾರೆ, ಇದೇನು ನಮ್ಮನ್ನ ಸಾಗಹಾಕೋದಾ ಅಂತ ಕೇಳಿದೀರ. ಅಲ್ಲಮ್ಮ, ಖಂಡಿತ ಅಲ್ಲ. ಹೋಗಿ.

ಇಲ್ಲಿ ಹೀಗೆ ಗುಂಪಿಗೆ ಕಳಿಸೋದಕ್ಕೆ ಸೋಶಿಯಲ್ ಪ್ರಿಸ್ಕ್ರೈಬಿಂಗ್ ಅಂತಾರೆ, 2019ರಿಂದ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನೋರೇ ಇಂಗ್ಲೆಂಡ್ ತುಂಬಾ ಜಿಪಿ ಕ್ಲಿನಿಕ್ಕುಗಳಿಗೆ ಲಿಂಕ್ ವರ್ಕರ್‌ಗಳನ್ನ ಹಾಕ್ತಾ ಬಂದಿದಾರೆ. ಅದಕ್ಕೂ ಎಷ್ಟೋ ಮುಂಚೆ, 1994ರಲ್ಲೇ, ನಿಮ್ಮ ಪಕ್ಕದ ಸ್ಟಾಕ್‌ಪೋರ್ಟ್‌ನಲ್ಲಿ ಡಾಕ್ಟ್ರು ಡಿಪ್ರೆಶನ್ ಇದ್ದೋರನ್ನ ಚಿತ್ರ ಬರೆಯೋ, ಕೈಕೆಲಸ ಮಾಡೋ ಗುಂಪುಗಳಿಗೆ ಕಳಿಸ್ತಿದ್ರು. ಇನ್ನು ನಿಮ್ಮ ವಿಷ್ಯಕ್ಕೇ ಸರಿಯಾಗಿ 2018ರಲ್ಲಿ ಒಂದು ಅಧ್ಯಯನ ಬಂತು, ಹೆರಿಗೆ ಆದ್ಮೇಲೆ ಮನಸ್ಸು ಕುಗ್ಗಿದ್ದ 134 ತಾಯಂದಿರನ್ನ ಮೂರು ಪಾಲು ಮಾಡಿ, ಒಂದು ಪಾಲಿನೋರು ಮಗು ಜೊತೆ ವಾರಕ್ಕೊಂದ್ಸಲ ಸೇರಿ ಹಾಡಿದ್ರು, ಹತ್ತು ವಾರ. ಕೊನೆಗೆ ಮೂರೂ ಪಾಲಿನೋರು ಸುಧಾರಿಸಿದ್ರು ನಿಜ, ಆದ್ರೆ ಜಾಸ್ತಿ ಕಷ್ಟದಲ್ಲಿದ್ದೋರಲ್ಲಿ ಹಾಡಿದೋರು ಮಾಮೂಲಿ ಆರೈಕೆ ಸಿಕ್ಕೋರಿಗಿಂತ ಬೇಗ ಚೇತರಿಸಿಕೊಂಡ್ರು. ಎಳೇ ಮಗು ಇಟ್ಕೊಂಡಿರೋರಿಗೆ ಬೇಗ ಅನ್ನೋದೇ ಎಷ್ಟು ದೊಡ್ಡದು ನೋಡಿ.

ಊರಲ್ಲಿದ್ದಿದ್ರೆ ಬಾಣಂತನ ಅಂತ ತವರಲ್ಲಿ ಮನೆ ತುಂಬಾ ಹೆಂಗಸರಿರೋರು, ಎಣ್ಣೆ ಹಚ್ಚೋಕೆ ಒಬ್ರು, ಮಗೂನ ಎತ್ಕೊಳ್ಳೋಕೆ ಒಬ್ರು, ಜೋಗುಳ ಹೇಳೋಕೆ ಅಜ್ಜಿ. ನಿಮಗೀಗ ಇಲ್ದೇ ಇರೋದು ಅದೇ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲಾಗೋ ಊರಲ್ಲಿ ನಾಲ್ಕು ಗೋಡೆ ನೋಡ್ಕೊಂಡು ಕೂತ್ರೆ ಯಾರಿಗಾದ್ರೂ ಹಂಗೇ ಆಗುತ್ತೆ, ನೀವು ಕೆಟ್ಟ ತಾಯಿ ಅಂತಲ್ಲ.

ಕನ್ನಡ ಸಂಘಕ್ಕೆ ಸೇರಿದ್ರೆ ಸಾಲ್ದಾ ಅಂತಾನೂ ಕೇಳಿದೀರ. ಸೇರಿ, ಯುಗಾದಿ ದೀಪಾವಳಿಗೆ ನಮ್ಮೋರನ್ನ ನೋಡಿದ್ರೆ ಜೀವ ಬಂದಂಗಾಗುತ್ತೆ, ನಾನೂ ಬಿಡಲ್ಲ. ಆದ್ರೆ ವರ್ಷಕ್ಕೆ ಎರಡು ಮೂರು ದೊಡ್ಡ ಪ್ರೋಗ್ರಾಂ ಆಗೋದು ಬೇರೆ, ಪ್ರತಿ ಗುರುವಾರ ಹತ್ತು ಗಂಟೆಗೆ ಎಲ್ಲಿಗೋ ಹೋಗ್ಬೇಕು, ಅಲ್ಲಿ ನಮ್ಮ ಹೆಸರು ಹಿಡಿದು ಕರೆಯೋರು ಇದಾರೆ ಅನ್ನೋದು ಬೇರೆ. ಮನಸ್ಸನ್ನ ಎತ್ತೋದು ಈ ಎರಡನೇದು. ನಾನು ಇಲ್ಲಿ ಲೈಬ್ರರಿಯಲ್ಲಿ ನಡೆಯೋ ಹೆಣಿಗೆ ಗುಂಪಿಗೆ ಎಷ್ಟೋ ವರ್ಷದಿಂದ ಹೋಗ್ತಾ ಇದೀನಿ, ಅಲ್ಲಿ ಯಾರೂ ವೀಸಾ ಏನಾಯ್ತು, ಮನೆ ತಗೊಂಡ್ರಾ ಅಂತ ಕೇಳಲ್ಲ, ಕೈಗೆ ಕೆಲ್ಸ ಇರೋದ್ರಿಂದ ಮಾತಾಡ್ಲೇಬೇಕು ಅಂತಾನೂ ಇಲ್ಲ, ಮಾತು ಬಂದಾಗ ಬರುತ್ತೆ. ನಮ್ಮತ್ತೆ ತೀರಿಕೊಂಡಾಗ ಅಡುಗೆ ಮಾಡಿ ತಂದುಕೊಟ್ಟೋರು ಅವ್ರೇ.

ಇಂಗ್ಲಿಷ್ ತಡವರಿಸುತ್ತೆ, ದನಿ ಚೆನ್ನಾಗಿಲ್ಲ ಅಂತ ಹಿಂಜರಿಬೇಡಿ, ಇಂಥ ಗುಂಪಲ್ಲಿ ದನಿ ಯಾರೂ ಪರೀಕ್ಷೆ ಮಾಡಲ್ಲ. ಲಿಂಕ್ ವರ್ಕರ್ ಫೋನ್ ಮಾಡಿದಾಗ ಮಗೂನ ಕರ್ಕೊಂಡು ಬರಬಹುದಾ, ಬಸ್ಸಲ್ಲಿ ಹೋಗಬಹುದಾ, ಮೊದಲ ದಿನ ಜೊತೆಗೆ ಯಾರಾದ್ರೂ ಬರ್ತಾರಾ ಅಂತ ಕೇಳಿ. ಹಾಡು ಬೇಡ ಅನ್ಸಿದ್ರೆ ಪೇಂಟಿಂಗ್, ಹೊಲಿಗೆ, ಕುಂಬಾರಿಕೆ ಇದ್ಯಾ ಅಂತ ವಿಚಾರಿಸಿ. ಒಂದೇ ಸಲಕ್ಕೆ ಬಿಡ್ಬೇಡಿ, ಮೊದಲನೇ ವಾರ ಎಲ್ಲರಿಗೂ ಮುಜುಗರನೇ.

ಇನ್ನೊಂದು ಮಾತು ತುಂಬಾ ಮುಖ್ಯ. ಹಾಡು ಔಷಧಿ ಬದಲಿಗೆ ಅಲ್ಲ. ಅಳು ನಿಲ್ತಿಲ್ಲ, ಮಗು ಮಲಗಿದ್ರೂ ನಿಮಗೆ ನಿದ್ದೆ ಬರ್ತಿಲ್ಲ ಅಂದ್ರೆ ಜಿಪಿಗೆ, ಮನೆಗೆ ಬಂದು ತಾಯಿ ಮಗೂನ ನೋಡೋ ಹೆಲ್ತ್ ವಿಸಿಟರ್‌ಗೆ ಮತ್ತೆ ಬಿಡಿಸಿ ಹೇಳಿ, ಮಾತ್ರೆ ಬೇಕಾದ್ರೆ ಹಾಲು ಕುಡಿಸ್ತಿದೀನಿ ಅಂತ ಹೇಳಿ ಕೇಳಿ. ನಿಮಗೋ ಮಗುಗೋ ಏನಾದ್ರೂ ಮಾಡ್ಕೊಂಡುಬಿಡ್ತೀನೇನೋ ಅನ್ನೋ ಯೋಚನೆ ಬಂದ್ರೆ ಕಾಯ್ಬೇಡಿ, ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ 2 ಒತ್ತಿ, ಹಗಲು ರಾತ್ರಿ ಯಾವಾಗ್ಲೂ ಇರ್ತಾರೆ, ಜೀವಕ್ಕೇ ಅಪಾಯ ಅನ್ಸಿದ್ರೆ ಎಮರ್ಜೆನ್ಸಿ ನಂಬರ್ 999. ಯಜಮಾನ್ರಿಗೂ ಈ ನಂಬರ್ ಕೊಟ್ಟಿಡಿ.